ಸೇವಂತಿಗೆಯ ಗಿಡ್ಡ ರೋಗ: ಕಣ್ಣಿನ ಪರೀಕ್ಷೆ ಮತ್ತು ಅದರ ಮಿತಿ

ಬೆಳೆಗಳ ರೋಗಗಳಿಗೆ ನಮ್ಮ ರೈತರು ಇಟ್ಟಿರುವ ಹೆಸರುಗಳು ಬಹುಮಟ್ಟಿಗೆ ಕಣ್ಣಿಗೆ ಕಂಡ ಲಕ್ಷಣದಿಂದ ಹುಟ್ಟಿದವು. ಭತ್ತದ ಬೆಂಕಿ ರೋಗ, ಅಡಕೆಯ ಕೊಳೆರೋಗ, ಮೆಣಸಿನ ಗಿಡದ ಎಲೆ ಮುಟುರು ರೋಗ ಎಂಬಲ್ಲಿ ಹೆಸರೇ ರೋಗದ ಗುರುತೂ ಆಗಿದೆ. ಇದನ್ನು ಜನಪದ ಜ್ಞಾನದ ಒಂದು ಶಿಸ್ತೆಂದೇ ಪರಿಗಣಿಸಬೇಕು. ಆದರೆ ಸೇವಂತಿಗೆಗೆ ತಗಲುವ ವೈರಾಯ್ಡ್ ರೋಗದ ಮುಂದೆ ಈ ಶಿಸ್ತು ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಈ ಗಿಡ್ಡ ರೋಗವು 1940ರ ದಶಕದಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದಾಗ ಅದನ್ನು ವೈರಸ್ ರೋಗವೆಂದೇ ಭಾವಿಸಲಾಗಿತ್ತು. ಆಲೂಗಡ್ಡೆಯ ರೋಗವೊಂದನ್ನು ಅಧ್ಯಯನ ಮಾಡಿದ ಟಿ. ಒ. ಡೀನರ್ 1971ರಲ್ಲಿ ವೈರಾಯ್ಡ್ ಎಂಬ ಪರಿಕಲ್ಪನೆಯನ್ನು ಮಂಡಿಸಿದ ಮೇಲೆ ಇದರ ನಿಜಸ್ವರೂಪ ತಿಳಿಯಿತು. ವೈರಾಯ್ಡ್ ಎಂದರೆ ಪ್ರೋಟೀನಿನ ಹೊದಿಕೆಯಿಲ್ಲದ, ಬಳೆಯಂತೆ ಕೂಡಿಕೊಂಡ ಬರಿಯ ಆರ್‌ಎನ್‌ಎ. ಗಿಡ್ಡ ರೋಗದ ವೈರಾಯ್ಡಿನಲ್ಲಿರುವುದು ಸುಮಾರು 355 ನ್ಯೂಕ್ಲಿಯೊಟೈಡುಗಳು ಮಾತ್ರ.

ರೋಗ ತಗಲಿದ ಗಿಡ ಕುಳ್ಳಾಗುತ್ತದೆ. ಎಲೆ, ಹೂಗಳು ಸಣ್ಣದಾಗುತ್ತವೆ. ಹೂ ಕೆಲವು ದಿನ ಮೊದಲೇ ಅರಳುತ್ತದೆ. ಗೊಬ್ಬರ, ನೀರಿನ ಕೊರತೆಯಿಂದಲೂ ಗಿಡ ಕುಳ್ಳಾಗುವುದುಂಟು. ಅದಕ್ಕಿಂತ ದೊಡ್ಡ ತೊಡಕೆಂದರೆ ಕೆಲವು ತಳಿಗಳು ರೋಗವನ್ನು ಹೊತ್ತೂ ಯಾವ ಲಕ್ಷಣವನ್ನೂ ತೋರುವುದಿಲ್ಲ. ತೋರುವ ತಳಿಗಳಿಗೂ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಅವುಗಳ ಕುಡಿಗಳು ಬೇರೆ ಹೊಲದಲ್ಲಿ ನಾಟಿಯಾಗಿರುತ್ತವೆ. ಸೇವಂತಿಗೆಯನ್ನು ಬುಡದಲ್ಲಿ ಒಡೆದ ಮರಿಗಳಿಂದಲೋ ಕತ್ತರಿಸಿದ ಕುಡಿಗಳಿಂದಲೋ ವೃದ್ಧಿಸುವುದು ಕರ್ನಾಟಕದಲ್ಲಿಯೂ ಇರುವ ರೂಢಿ. ನೆರೆಹೊರೆಯವರು ಸಸಿಗಳನ್ನು ಕೊಟ್ಟು ತರುವ ಪದ್ಧತಿ ತಳಿಗಳನ್ನು ಉಳಿಸಬಲ್ಲದು. ಇಂಥ ರೋಗಕ್ಕೆ ಅದೇ ಹಾದಿಯೂ ಆಗಬಲ್ಲದು. ಕತ್ತರಿಸುವ ಚಾಕುವಿಗೆ ಮೆತ್ತಿದ ರಸದಿಂದಲೂ ರೋಗ ಹರಡುತ್ತದೆ.

ಪತ್ತೆಯ ಹಳೆಯ ವಿಧಾನವೆಂದರೆ ಸಂಶಯವಿರುವ ಗಿಡವನ್ನು ‘ಮಿಸಲ್‌ಟೋ’ ಎಂಬ ತಳಿಯೊಡನೆ ಕಸಿ ಮಾಡಿ, ಆ ತಳಿಯ ಎಲೆಗಳಲ್ಲಿ ಮಚ್ಚೆ ಮೂಡುವುದನ್ನು ಕಾಯುವುದು. ಇದೂ ಕಣ್ಣಿನ ಪರೀಕ್ಷೆಯೇ, ಆದರೆ ಮತ್ತೊಂದು ಗಿಡದ ಮೂಲಕ ನಡೆಯುವಂಥದು, ಬಹಳ ನಿಧಾನ. ವೈರಸ್‌ಗಳಿಗೆ ಬಳಸುವ ಎಲಿಸಾ ಪರೀಕ್ಷೆ ಇಲ್ಲಿ ನಡೆಯದು. ಅದು ಹುಡುಕುವ ಪ್ರೋಟೀನೇ ವೈರಾಯ್ಡಿಗಿಲ್ಲ. ಹಾಗಾಗಿ ಆರ್‌ಟಿ-ಪಿಸಿಆರ್ ವಿಧಾನ ಮುಖ್ಯವಾಗುತ್ತದೆ. ಎಲೆಯಿಂದ ಬೇರ್ಪಡಿಸಿದ ಆರ್‌ಎನ್‌ಎಗೆ ಡಿಎನ್‌ಎ ಪ್ರತಿ ತಯಾರಿಸಿ, ವೈರಾಯ್ಡಿಗೆ ಸೇರಿದ ಭಾಗವನ್ನು ಮಾತ್ರ ಅನೇಕ ಪಟ್ಟು ಹೆಚ್ಚಿಸಿ ಗುರುತಿಸುವ ಕ್ರಮವಿದು. ಆದರೆ ವೈರಾಯ್ಡ್ ಗಿಡದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಒಂದೇ ಎಲೆಯನ್ನು ನಂಬಿ ಗಿಡ ಶುದ್ಧವೆನ್ನುವುದು ತಪ್ಪಾದೀತು. ಬೇರೆ ಬೇರೆ ಕೊಂಬೆಗಳ ಎಲೆಗಳನ್ನು ತೆಗೆಯಬೇಕು. ಆರೋಗ್ಯವಂತ ಗಿಡದ ಮಾದರಿಯನ್ನೂ ರೋಗ ಖಚಿತವಾದ ಗಿಡದ ಮಾದರಿಯನ್ನೂ ಜೊತೆಯಲ್ಲೇ ಪರೀಕ್ಷಿಸಬೇಕು.

ರೋಗ ತಗಲಿದ ಗಿಡಕ್ಕೆ ಹೊಲದಲ್ಲಿ ಔಷಧವಿಲ್ಲ. ಅದನ್ನು ಕಿತ್ತು ಸುಡುವುದೇ ಉಪಾಯ. ಆದುದರಿಂದ ಪರೀಕ್ಷೆಗೆ ತಕ್ಕ ಜಾಗ ಹೂ ಬಿಟ್ಟ ಹೊಲವಲ್ಲ, ಕುಡಿ ತೆಗೆಯುವ ತಾಯಿಗಿಡಗಳ ಮಡಿ. ಅಲ್ಲಿಯೂ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಬೇಕು.