ಊರು ಬಿಟ್ಟವರು ಕಟ್ಟಿದ ನಗರಗಳು

2020ರ ಮೇ ತಿಂಗಳಲ್ಲಿ ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹೆಸರು ದಿನಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡಿತು. ಕೊರೋನಾ ಕಾಲದಲ್ಲಿ ಮುಂಬಯಿಯಿಂದ ಮರಳಿದವರಲ್ಲಿ ಸೋಂಕು ಕಂಡುಬಂದಾಗಲೇ, ಈ ಭಾಗದ ಅಷ್ಟೊಂದು ಮಂದಿ ಆ ದೂರದ ನಗರದಲ್ಲಿ ದುಡಿಯುತ್ತಿದ್ದರೆಂಬುದು ನಾಡಿನ ಅನೇಕರಿಗೆ ತಿಳಿದದ್ದು. ಹುಟ್ಟಿದ ಊರಿನಲ್ಲಿಯೇ ಅವರನ್ನು ಪರಕೀಯರಂತೆ ಕಂಡವರೂ ಇದ್ದರು.

ನಗರಗಳು ಬೆಳೆಯುವುದೇ ಊರು ಬಿಟ್ಟವರಿಂದ. 1870ರಲ್ಲಿ ಅಮೆರಿಕದ ಚಿಕಾಗೋದಲ್ಲಿದ್ದುದು ಸುಮಾರು 3 ಲಕ್ಷ ಜನ. 1900ರ ವೇಳೆಗೆ 17 ಲಕ್ಷ! ರೈಲುಮಾರ್ಗಗಳು, ಧಾನ್ಯದ ಕಣಜಗಳು, ಉಕ್ಕಿನ ಕುಲುಮೆಗಳು, ಕಸಾಯಿಖಾನೆಗಳು ದುಡಿಯುವ ಕೈಗಳನ್ನು ಬೇಡಿದವು. ಐರ್ಲೆಂಡ್, ಪೋಲೆಂಡ್, ಇಟಲಿಗಳ ಬಡ ಕುಟುಂಬಗಳು ಹಡಗನ್ನೇರಿದವು. ಅವರಲ್ಲಿ ಬಹುಮಂದಿ ಕಥೋಲಿಕರು. ಗಾಳಿ ಬೆಳಕಿಲ್ಲದ ಬಾಡಿಗೆ ಕೋಣೆ, ಅರಿಯದ ಭಾಷೆ, ನೆರೆಯವರ ತಾತ್ಸಾರ, ಇವು ಅವರ ಪಾಲಿಗೆ ಬಂದವು.

ಇಟಲಿಯ ಕನ್ಯಾಸ್ತ್ರೀ ಮದರ್ ಫ್ರಾನ್ಸಿಸ್ ಕ್ಯಾಬ್ರಿನಿಯವರ ಮನಸ್ಸು ಇದ್ದುದು ಚೀನಾ ದೇಶದ ಸೇವೆಯ ಕಡೆಗೆ. ಪೋಪ್ ಹದಿಮೂರನೆಯ ಲಿಯೋರವರು ಅವರನ್ನು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಕಳುಹಿಸಿದರು. 1889ರಲ್ಲಿ ನ್ಯೂಯಾರ್ಕ್ ತಲುಪಿದ ಆ ತಾಯಿ, ಕಾರ್ಮಿಕರ ಮಕ್ಕಳಿಗಾಗಿ ಶಾಲೆ, ಅನಾಥಾಲಯಗಳನ್ನೂ, ರೋಗಿಗಳಿಗಾಗಿ ಆಸ್ಪತ್ರೆಗಳನ್ನೂ ತೆರೆದರು. 1917ರಲ್ಲಿ ಚಿಕಾಗೋದ ತಮ್ಮದೇ ಆಸ್ಪತ್ರೆಯಲ್ಲಿ ನಿಧನರಾದರು. 1946ರಲ್ಲಿ ಸಂತ ಪದವಿಗೇರಿದರು. 1950ರಲ್ಲಿ ವಲಸಿಗರ ಪಾಲಕಿಯೆಂದು ಘೋಷಿತರಾದರು. ಇದೇ ಲಿಯೋರವರೇ 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಕುರಿತ ವಿಶ್ವಪತ್ರವನ್ನು ಹೊರಡಿಸಿದವರು.

ನಮ್ಮಲ್ಲಿಗೆ ಬರೋಣ. ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಕಾವೇರಿಯ ನಾಲೆಗಳು ಬಂದವು. ಪಾಂಡವಪುರಕ್ಕೆ ರೈಲೂ ಇತ್ತು, ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಂದಿತು. ಕಬ್ಬು ಬೆಳೆದವನು ಊರಿನಲ್ಲಿಯೇ ಉಳಿಯಬಹುದಿತ್ತು. (ಆ ಕಾರ್ಖಾನೆಯೂ ಮುಂದೆ ನಿಂತುಹೋಗಿ, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದದ್ದು ಬೇರೆ ಮಾತು.) ಮಳೆಯನ್ನೇ ನಂಬಿ ರಾಗಿ, ಹುರುಳಿ ಬಿತ್ತುವ ನಾಗಮಂಗಲದ ಬೆದ್ದಲು ಭೂಮಿಯವನಿಗೆ ಆ ಭಾಗ್ಯವಿರಲಿಲ್ಲ. ಅವನು ಬಸ್ಸು ಹತ್ತಿದ.

ಜನಗಣತಿಯನ್ನೇ ನೋಡಿರಿ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆಯಿತು. ಮಂಡ್ಯ ಜಿಲ್ಲೆಯದು ನೂರಕ್ಕೆ 3ರಷ್ಟೂ ಬೆಳೆಯಲಿಲ್ಲ. ಇಷ್ಟು ದೊಡ್ಡ ಅಂತರಕ್ಕೆ ಕಡಿಮೆ ಹೆರಿಗೆಗಳೊಂದೇ ಕಾರಣವೆಂದು ನನಗನಿಸುವುದಿಲ್ಲ.

ಚಿಕಾಗೋಗೆ ಹೋದ ಪೋಲೆಂಡಿನವರು ಮೊದಲು ಮಾಡಿದ ಕೆಲಸಗಳಲ್ಲೊಂದು ತಮ್ಮ ಭಾಷೆಯ ಧರ್ಮಕೇಂದ್ರವನ್ನು ಕಟ್ಟಿಕೊಂಡದ್ದು. ಬಲಿಪೂಜೆ ಮುಗಿದ ಮೇಲೆ ಅಲ್ಲಿಯೇ ಕೆಲಸದ ಸುದ್ದಿ, ಕೋಣೆಯ ಸುದ್ದಿ, ಊರಿನ ಸುದ್ದಿ ಸಿಗುತ್ತಿತ್ತು. ಮಗನನ್ನು ಮುಂಬಯಿಗೋ ಬೆಂಗಳೂರಿಗೋ ಕಳುಹಿಸಿದ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ, ಅವನು ಭಾನುವಾರ ಯಾವ ದೇವಾಲಯಕ್ಕೆ ಹೋಗುತ್ತಾನೆಂಬುದು ಗೊತ್ತಿದೆ?