ಬೆಳಕಿನ ಎಳೆಯಲ್ಲಿ ವೇಗಗಳ ಹೊಂದಾಣಿಕೆ

ತಾಮ್ರದ ತಂತಿಯಿಂದ ಗಣಕಯಂತ್ರಗಳನ್ನು ಜೋಡಿಸಿ ರೂಢಿಯಾದವರಿಗೆ ವೇಗದ ಚಿಂತೆ ಬಹುಮಟ್ಟಿಗೆ ಇರುವುದಿಲ್ಲ. ಹಳೆಯದೊಂದು ಯಂತ್ರವನ್ನು ಇಂದಿನ ಸ್ವಿಚ್ಚಿಗೆ ಸಿಕ್ಕಿಸಿದರೆ, ಅವೆರಡೂ ತಮ್ಮತಮ್ಮೊಳಗೆ ವಿಚಾರಿಸಿಕೊಂಡು, ಎರಡಕ್ಕೂ ಸಾಧ್ಯವಾದ ಅತ್ಯಧಿಕ ವೇಗವನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗುತ್ತವೆ. ಅದೇ ನಿರೀಕ್ಷೆಯನ್ನು ಹೊತ್ತು ಆಪ್ಟಿಕಲ್ ಫೈಬರಿನ ಬಳಿಗೆ ಬಂದವನು, ಒಂದು ತುದಿಗೆ ಬೆಳಕನ್ನು ಕಳುಹಿಸಿ ಸ್ವೀಕರಿಸುವ 10 ಗಿಗಾಬಿಟ್ಟಿನ ಮಾಡ್ಯೂಲನ್ನೂ ಇನ್ನೊಂದು ತುದಿಗೆ 1 ಗಿಗಾಬಿಟ್ಟಿನದನ್ನೂ ಕೂಡಿಸಿ, ನಡುವೆ ನಿರ್ದೋಷವಾದ ಎಳೆಯನ್ನೇ ಹಾಕಿದ್ದರೂ, ಸಂಪರ್ಕದ ದೀಪ ಹೊತ್ತದೆ ಇರುವುದನ್ನು ಕಂಡು ದಿಕ್ಕುತೋಚದೆ ನಿಲ್ಲುತ್ತಾನೆ.

ಇಲ್ಲಿ ವಿಸ್ಮಯದ ಸಂಗತಿಯೆಂದರೆ, ಬೆಳಕು ತಲುಪಿಯೇ ಇರುತ್ತದೆ. 1 ಗಿಗಾಬಿಟ್ಟಿನ ಎಲ್‌ಎಕ್ಸ್ ಮಾಡ್ಯೂಲೂ 10 ಗಿಗಾಬಿಟ್ಟಿನ ಎಲ್‌ಆರ್ ಮಾಡ್ಯೂಲೂ 1310 ನ್ಯಾನೊಮೀಟರ್ ತರಂಗದೂರದ ಆಸುಪಾಸಿನಲ್ಲಿಯೇ ಬೆಳಗುವುವಾದುದರಿಂದ, ಒಳಬರುವ ಬೆಳಕಿನ ಶಕ್ತಿಯನ್ನು ಸ್ವಿಚ್ಚಿನಲ್ಲಿ ವಿಚಾರಿಸಿದರೆ ಮೈನಸ್ 5 ಡಿಬಿಎಂ ಎಂಬಂಥ ತೃಪ್ತಿಕರವಾದ ಅಂಕಿಯೇ ಕಾಣಬಹುದು. ಎಳೆ ಮುರಿದಿಲ್ಲ, ತುದಿಗೆ ಧೂಳು ಕೂತಿಲ್ಲ, ಕಳುಹಿಸುವ ಎಳೆಯೂ ಸ್ವೀಕರಿಸುವ ಎಳೆಯೂ ಅದಲುಬದಲಾಗಿಲ್ಲ, ಆದರೂ ಸಂಪರ್ಕವಿಲ್ಲ.

ಕಾರಣವಿರುವುದು ಮಿಡಿತದ ಗತಿಯಲ್ಲಿ. 1998ರಲ್ಲಿ ಸಿದ್ಧವಾದ ಗಿಗಾಬಿಟ್ ಈಥರ್ನೆಟ್ಟಿನ ನಿಯಮದಂತೆ, ಪ್ರತಿ 8 ಬಿಟ್ಟುಗಳನ್ನು 10 ಬಿಟ್ಟುಗಳ ಸಂಕೇತವಾಗಿ ಮಾರ್ಪಡಿಸಿ, ಸೆಕೆಂಡಿಗೆ 125 ಕೋಟಿ ಮಿಡಿತಗಳಂತೆ ಕಳುಹಿಸಲಾಗುತ್ತದೆ. 2002ರ 10 ಗಿಗಾಬಿಟ್ ನಿಯಮವಾದರೋ, 64 ಬಿಟ್ಟುಗಳಿಗೆ ಎರಡನ್ನು ಮಾತ್ರ ಕೂಡಿಸುವ ಮಿತವ್ಯಯದ ಮಾರ್ಗವನ್ನು ಹಿಡಿದು, ಸೆಕೆಂಡಿಗೆ 1031.25 ಕೋಟಿ ಮಿಡಿತಗಳನ್ನು ಹೊರಡಿಸುತ್ತದೆ. ಕಾಲಗಣನೆಗೆಂದು ಬೇರೊಂದು ಎಳೆ ಇಲ್ಲದಿರುವುದರಿಂದ, ಸ್ವೀಕರಿಸುವ ಯಂತ್ರವು ಬರುವ ಮಿಡಿತಗಳಿಂದಲೇ ಅವುಗಳ ಲಯವನ್ನು ಹೆಕ್ಕಿಕೊಳ್ಳಬೇಕು. ತನಗೆ ನಿಯತವಾದ ಲಯಕ್ಕೆ ಅತಿ ಸಮೀಪದಲ್ಲಿಲ್ಲದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಅದಕ್ಕೆ ಅರ್ಥಹೀನ.

ಹಾಗಾದರೆ ತಾಮ್ರದಲ್ಲಿ ನಡೆಯುವ ಮಾತುಕತೆ ಇಲ್ಲೇಕೆ ನಡೆಯದು? 1995ರ ನಿಯಮವು ತಾಮ್ರಕ್ಕೆ ಒಂದು ಉಪಾಯವನ್ನು ಕಲ್ಪಿಸಿತು: ದತ್ತಾಂಶದ ವೇಗಗಳಿಗೆಲ್ಲ ಹೊರತಾದ, ಬಲು ನಿಧಾನವಾದ ಮಿಡಿತಗಳ ಗುಚ್ಛವೊಂದನ್ನು ಮೊದಲು ಕಳುಹಿಸಿ, ತನ್ನ ಸಾಮರ್ಥ್ಯವನ್ನು ಅದರ ಮೂಲಕ ಸಾರುವುದು. ಗಿಗಾಬಿಟ್ ಫೈಬರಿನಲ್ಲಿಯೂ ಅದೇ ಹೆಸರಿನ ವ್ಯವಸ್ಥೆಯೊಂದು ಉಂಟು. ಆದರೆ ಆ ಸಂವಾದವೇ 125 ಕೋಟಿ ಮಿಡಿತಗಳ ಲಯದಲ್ಲಿ ಜರುಗತಕ್ಕದ್ದು. ಯಾವ ಭಾಷೆಯಲ್ಲಿ ಮಾತಾಡೋಣವೆಂದು ಆ ಭಾಷೆಯಲ್ಲಿಯೇ ಕೇಳಿದಂತಾಯಿತು. ಆದುದರಿಂದ ಹರಿವಿನ ನಿಯಂತ್ರಣವೇ ಮೊದಲಾದ ಕೆಲವು ವಿಷಯಗಳು ಅಲ್ಲಿ ಇತ್ಯರ್ಥವಾಗುತ್ತವೆಯೇ ಹೊರತು ವೇಗವಲ್ಲ. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ತೊಡಕು ಇನ್ನೂ ಒಂದು ಮಡಿ ಹೆಚ್ಚಾಗಿತ್ತು: 10 ಮೆಗಾಬಿಟ್ಟಿನ ಎಫ್‌ಎಲ್ ಕೊಂಡಿ 850 ನ್ಯಾನೊಮೀಟರಿನಲ್ಲಿಯೂ 100 ಮೆಗಾಬಿಟ್ಟಿನ ಎಫ್‌ಎಕ್ಸ್ 1300ರಲ್ಲಿಯೂ ನಡೆಯುತ್ತಿದ್ದುದರಿಂದ, ಲಯವಿರಲಿ, ಬೆಳಕಿನ ಬಣ್ಣವೇ ಒಂದಾಗಿರಲಿಲ್ಲ.

ಇಷ್ಟು ಭಿನ್ನವಾದ ಕೊಂಡಿಗಳು ಒಂದೇ ಜಾಲದಲ್ಲಿ ಸಹಬಾಳ್ವೆ ನಡೆಸುತ್ತಿರುವುದು ಹೇಗೆಂದರೆ, ಬೆಳಕಿನಲ್ಲಿ ಇಲ್ಲದ ಐಕ್ಯವು ಅದು ಹೊತ್ತು ತರುವ ದತ್ತಾಂಶದ ಕಟ್ಟಾದ ಫ್ರೇಮಿನಲ್ಲಿದೆ. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಒಟ್ಟಾಗಿ ಪ್ರಕಟಿಸಿದ ನಿಯಮಾವಳಿಯ 48 ಬಿಟ್ಟಿನ ವಿಳಾಸವೂ, 64ರಿಂದ 1518 ಬೈಟುಗಳ ಫ್ರೇಮಿನ ಮೂಲರೂಪವೂ ಇಂದಿನ ಅತಿವೇಗದ ಕೊಂಡಿಗಳಲ್ಲಿಯೂ ಉಳಿದುಬಂದಿವೆ. ವೇಗವನ್ನು ಪ್ರತಿಸಲವೂ ಹೆಚ್ಚಿಸಿದವರು ಈ ಒಂದನ್ನು ಕದಲಿಸದೆ ಉಳಿಸಿದ್ದು, ನನ್ನ ಅಭಿಪ್ರಾಯದಲ್ಲಿ, ವೇಗದ ಸಾಧನೆಗಿಂತಲೂ ಹಿರಿದಾದದ್ದು. ಒಂದು ಬಾಗಿಲಿನಿಂದ ಫ್ರೇಮನ್ನು ಪೂರ್ಣವಾಗಿ ಒಳಗೆ ತೆಗೆದುಕೊಂಡು, ನೆನಪಿನಲ್ಲಿರಿಸಿ, ಇನ್ನೊಂದು ಬಾಗಿಲಿನಿಂದ ಅದರ ವೇಗದಲ್ಲಿ ಹೊರಡಿಸುವುದೇ ಸ್ವಿಚ್ಚಿನ ಕೆಲಸ. 1518 ಬೈಟುಗಳ ಫ್ರೇಮು 10 ಗಿಗಾಬಿಟ್ಟಿನಲ್ಲಿ ಸುಮಾರು 1.2 ಮೈಕ್ರೊಸೆಕೆಂಡಿನಲ್ಲಿ ಒಳಬಂದು, 1 ಗಿಗಾಬಿಟ್ಟಿನಲ್ಲಿ ಹೊರಹೋಗಲು 12 ಮೈಕ್ರೊಸೆಕೆಂಡು ಹಿಡಿಯುವುದರಿಂದ, ವೇಗದ ಕಡೆಯಿಂದ ಸತತವಾಗಿ ಸುರಿದರೆ ಆ ನೆನಪು ತುಂಬಿ ಕೆಲವು ಫ್ರೇಮುಗಳು ಬಿದ್ದುಹೋಗುತ್ತವೆ. ಟಿಸಿಪಿ ವ್ಯವಸ್ಥೆಯು ಈ ನಷ್ಟವನ್ನು ಗುರುತಿಸಿ ಕಳುಹಿಸುವಾತನ ಓಟವನ್ನು ತಗ್ಗಿಸುತ್ತದೆ.

ಕೊಂಡಿಯ ಎರಡು ತುದಿಗಳ ವೇಗ ಒಂದೇ ಆಗಿದ್ದು ತರಂಗದೂರಗಳು ಪರಸ್ಪರ ಹೊಂದಬೇಕೆಂಬುದು ಹೀಗೆ ಅನಿವಾರ್ಯವಾಯಿತು. 1 ಗಿಗಾಬಿಟ್ಟಿನ ಎಸ್‌ಎಫ್‌ಪಿ, 10 ಗಿಗಾಬಿಟ್ಟಿನ ಎಸ್‌ಎಫ್‌ಪಿ ಪ್ಲಸ್ ಈ ಎರಡು ಮಾಡ್ಯೂಲುಗಳ ಆಕಾರ ಒಂದೇ. ಪ್ಲಸ್ ಬಾಗಿಲುಗಳಲ್ಲಿ ಹಲವು, ವೇಗವನ್ನು ಕೈಯಾರೆ ನಿಗದಿ ಮಾಡಿದರೆ, 1 ಗಿಗಾಬಿಟ್ಟಿನ ಮಾಡ್ಯೂಲನ್ನು ಒಪ್ಪಿಕೊಳ್ಳುತ್ತವೆ. ಇದರ ವಿಪರ್ಯಯ ಸಾಧ್ಯವಿಲ್ಲ. ಹೊಸ ಸ್ವಿಚ್ ತಂದು ಹಳೆಯದಕ್ಕೆ ಜೋಡಿಸುವವನು ಹೊಸದರಲ್ಲಿಯೇ ಕೆಳಗಿನ ವೇಗದ ಮಾಡ್ಯೂಲನ್ನು ಹಾಕಬೇಕಾಗುತ್ತದೆ.

ನೆಲದಲ್ಲಿ ಹೂತಿರುವ ಎಳೆಯ ವಿಚಾರ ಬೇರೆ. ಸುಮಾರು 9 ಮೈಕ್ರೊಮೀಟರ್ ತಿರುಳಿನ ಏಕರೀತಿಯ ಫೈಬರು, ಹಳದಿ ಹೊದಿಕೆಯದು, 1 ಗಿಗಾಬಿಟ್ಟನ್ನೂ 10ನ್ನೂ 100ನ್ನೂ ಕಿಲೊಮೀಟರುಗಟ್ಟಲೆ ಸಾಗಿಸಬಲ್ಲುದು. 62.5 ಮೈಕ್ರೊಮೀಟರ್ ತಿರುಳಿನ ಕಿತ್ತಳೆ ಬಣ್ಣದ ಹಳೆಯ ಬಹುರೀತಿಯ ಫೈಬರಿನಲ್ಲಾದರೋ, ಬೆಳಕು ಅನೇಕ ಪಥಗಳಲ್ಲಿ ಹರಿದು, ಮಿಡಿತಗಳು ಒಂದರ ಮೇಲೊಂದು ಚದರುವುದರಿಂದ, 1 ಗಿಗಾಬಿಟ್ಟಿನ ಎಸ್‌ಎಕ್ಸ್ 275 ಮೀಟರು ಹೋಗುವಲ್ಲಿ 10 ಗಿಗಾಬಿಟ್ಟಿನ ಎಸ್‌ಆರ್ 33 ಮೀಟರಿಗೇ ನಿಲ್ಲುತ್ತದೆ. ಕಾಲೇಜೊಂದರ ಎರಡು ಕಟ್ಟಡಗಳ ನಡುವೆ ಇಂಥ ಎಳೆಯಿದ್ದರೆ, ಹೊಸ ಮಾಡ್ಯೂಲಿಗೆ ಹಣ ತೆರುವ ಮೊದಲು ದೂರವನ್ನು ಅಳೆಯತಕ್ಕದ್ದು. ಹೊಸದಾಗಿ ಹೂಳುವವರು ದೂರ ಎಷ್ಟೇ ಅಲ್ಪವಾಗಿರಲಿ ಏಕರೀತಿಯದನ್ನೇ ಹೂಳುವುದು ಲೇಸು.

ಎರಡು ವೇಗಗಳು ಒಂದೇ ಎಳೆಯನ್ನು ನಿಜವಾಗಿ ಹಂಚಿಕೊಳ್ಳುವ ಸಂದರ್ಭವೂ ಒಂದುಂಟು. ಕೇಂದ್ರದಿಂದ ಹೊರಟ ಒಂದು ಎಳೆ ಕವಲೊಡೆದು ಮನೆಮನೆಗೆ ಹೋಗುವ ಇಪಾನ್ ಜಾಲಕ್ಕೆ 2009ರಲ್ಲಿ 10 ಗಿಗಾಬಿಟ್ಟಿನ ನಿಯಮ ಬಂದಾಗ, ಮೊದಲಿದ್ದ 1 ಗಿಗಾಬಿಟ್ಟಿನ ಮನೆಗಳನ್ನು ಕಿತ್ತುಹಾಕುವಂತಿರಲಿಲ್ಲ. ಮನೆಗಳತ್ತ ಹೋಗುವ ಬೆಳಕನ್ನು 1490 ಮತ್ತು 1577 ನ್ಯಾನೊಮೀಟರುಗಳೆಂದು ಬೇರ್ಪಡಿಸಿದರು. ಮನೆಗಳಿಂದ ಹಿಂದಿರುಗುವ ಬೆಳಕಿನ ತರಂಗದೂರಗಳು ಒಂದನ್ನೊಂದು ಅತಿಕ್ರಮಿಸುತ್ತಿದ್ದುದರಿಂದ, ಪ್ರತಿ ಮನೆಗೂ ಸರದಿಯ ಕ್ಷಣವೊಂದನ್ನು ಗೊತ್ತುಮಾಡಿ, ಮುಂದೆ ಬರತಕ್ಕದ್ದು ಯಾವ ವೇಗದ್ದೆಂಬುದನ್ನು ಮೊದಲೇ ಬಲ್ಲ ಕೇಂದ್ರದ ಗ್ರಾಹಕವು ಸರದಿ ಸರದಿಗೂ ತನ್ನ ಲಯವನ್ನು ಬದಲಿಸಿಕೊಳ್ಳುವಂತೆ ನಿರ್ಮಿಸಿದರು.