ರಾಣಿ ರೂಪಾಯಿಯ ಇಸವಿ ಮತ್ತು ಅಚ್ಚು

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಹಳೆಯ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಪೆಟ್ಟಿಗೆಯಿಂದ ಹೊರಬರುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ನೋಡಿದ್ದೀರಾ? ಅದನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ನೋಡುವುದು ಇಸವಿಯನ್ನು. ಎಡವುವುದೂ ಅಲ್ಲೇ.

ನಂಬಿಕೆ: ನಾಣ್ಯದಲ್ಲಿರುವ ಇಸವಿಯೇ ಅದು ಹುಟ್ಟಿದ ಇಸವಿ.

ಸತ್ಯ: 1862 ಎಂದಿರುವ ರೂಪಾಯಿಯನ್ನು 1874ರವರೆಗೂ ಅದೇ ಇಸವಿ ಹಾಕಿ ಟಂಕಿಸಿದರು. ವರ್ಷ ಗುರುತಿಸಲೆಂದು ಬೊಂಬಾಯಿ ಟಂಕಸಾಲೆ ತನ್ನ ಅಚ್ಚುಗಳಲ್ಲಿ ಸಣ್ಣ ಚುಕ್ಕಿಗಳನ್ನು ಸೇರಿಸಿತು. ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ಆ ಚುಕ್ಕಿಗಳನ್ನು ಎಣಿಸಿ. ಅದಕ್ಕೂ ಹಿಂದಿನ 1840ರ ರೂಪಾಯಿಯದೂ ಇದೇ ಕಥೆ, ಇಸವಿ ಒಂದೇ ಆದರೂ ಬಗೆ ಹಲವು. ಒಂದು ಬಗೆಯಲ್ಲಿ ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಾಲಾಗಿ ಬಾಗುತ್ತದೆ, ಇನ್ನೊಂದರಲ್ಲಿ ತಲೆಯ ಎಡಬಲಕ್ಕೆ ಒಡೆಯುತ್ತದೆ. ಹಿಂಬದಿಯ ಎಲೆಮಾಲೆಯ ಪುಟ್ಟ ಕಾಯಿಗಳು ಒಂದು ಅಚ್ಚಿನಲ್ಲಿ 19, ಮತ್ತೊಂದರಲ್ಲಿ 28, ಇನ್ನೊಂದರಲ್ಲಿ 35. ಸಂಗ್ರಾಹಕರು ಬೆಲೆ ಕಟ್ಟುವುದು ಈ ಎಣಿಕೆ ಮುಗಿದ ಮೇಲೆಯೇ.

ನಂಬಿಕೆ: ಪಕ್ಕದ ಮನೆಯ ನಾಣ್ಯಕ್ಕಿಂತ ಬೇರೆ ಕಂಡರೆ ನಮ್ಮದು ಖೋಟಾ.

ಸತ್ಯ: ಅಚ್ಚು ಬದಲಾಗಲು ಕಾರಣಗಳಿರುತ್ತವೆ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಆ ನಾಣ್ಯಕ್ಕೆ ಹಂದಿ ರೂಪಾಯಿ ಎಂಬ ಹೆಸರೇ ಬಿತ್ತು, 1912ರ ಹೊತ್ತಿಗೆ ಅಚ್ಚು ತಿದ್ದಬೇಕಾಯಿತು. ನಮ್ಮ ನಂದಿ ಬೆಟ್ಟವನ್ನು ಆಳಿದ ಟಿಪ್ಪುವಿನ ರೂಪಾಯಿಯಲ್ಲಂತೂ ಅಂಚಿನ ಅಕ್ಷರ ಎಷ್ಟೋ ಸಲ ಅರ್ಧಕ್ಕೇ ನಿಂತಿರುತ್ತದೆ. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದದ್ದೇ ಕಾರಣ, ಅದು ಸವೆತವಲ್ಲ. ಅವನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 5121 ಎಂದು ಕಂಡದ್ದು 1215.

ನಂಬಿಕೆ: ಸಣ್ಣ ವ್ಯತ್ಯಾಸವಿದ್ದರೂ ಲಕ್ಷ ಸಿಗುತ್ತದೆ.

ಸತ್ಯ: ಅಚ್ಚಿನ ಗುರುತು ಅದೇ ಅಚ್ಚಿನ ಎಲ್ಲ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಕಾಸಿನ ಸರಕ್ಕೆ ಬೆಸೆದ ಕೊಂಡಿ ಕಿತ್ತ ಕಲೆ, ಕೆಳಗೆ ಬಿದ್ದು ಆದ ಪೆಟ್ಟು ನಿಮ್ಮೊಂದರಲ್ಲೇ ಇರುತ್ತದೆ. ಅದು ಬೆಲೆಯನ್ನು ಇಳಿಸುತ್ತದೆ. ಹಳೆಯ ನಾಣ್ಯ ಮಾರಿಸಿಕೊಡುತ್ತೇವೆಂದು ಮೊದಲೇ ಕಮಿಷನ್, ತೆರಿಗೆ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ. ತನ್ನ ಹೆಸರಿನಲ್ಲಿ ಹಣ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಹೇಳಿದೆ.

ಗೆಜ್ಜೆ, ದೀಪದ ಜೊತೆ ರೂಪಾಯಿಯನ್ನೂ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜುವುದು ನಮ್ಮ ಮನೆಗಳ ರೂಢಿ. ಹಬ್ಬಕ್ಕೆ ಹೊಳೆಯಲಿ ಎಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಹಾಗೆ ವರ್ಷ ವರ್ಷ ಉಜ್ಜಿದರೆ ಮೊದಲು ಸವೆಯುವುದೇ ಆ ಚುಕ್ಕಿಗಳು, ಆ ಕಾಯಿಗಳು. ಈ ಸಲ ಮೆತ್ತನೆಯ ಬಟ್ಟೆಯಿಂದ ಧೂಳನ್ನಷ್ಟೇ ಒತ್ತಿ ತೆಗೆದು, ಕಪ್ಪಾಗಿಯೇ ಕಲಶದ ಮುಂದಿಡಿ.